ತ್ರಿಕೋನಮಿತಿ: ಅರ್ಥವೇನು, ಅಳತೆಗೆ ಬಳಸುವುದು ಹೇಗೆ

ಹತ್ತಲಾಗದ ಕಂಬದ ಎತ್ತರ, ದಾಟಲಾಗದ ಹೊಳೆಯ ಅಗಲ, ಕೆರೆಯ ಈ ದಡದಿಂದ ಆ ದಡಕ್ಕಿರುವ ದೂರ. ಟೇಪು ಹಿಡಿದು ಅಳೆಯಲಾಗದ ಇಂಥ ಉದ್ದಗಳನ್ನು ಕಂಡುಕೊಳ್ಳಲು ನೆರವಾಗುವ ಗಣಿತ ತ್ರಿಕೋನಮಿತಿ. ಬೇಕಾದ ಉದ್ದ ಸಿಗದಿದ್ದರೆ ಸಿಗುವ ಒಂದು ಉದ್ದವನ್ನೂ ಒಂದು ಕೋನವನ್ನೂ ಅಳೆದುಕೊಳ್ಳಬೇಕು. ಅದಾದ ಮೇಲೆ ಉಳಿಯುವುದು ಒಂದು ಗುಣಾಕಾರವೋ ಭಾಗಾಕಾರವೋ ಅಷ್ಟೇ. ಸೂತ್ರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಯೂ ಈ ವಿಷಯ ತಲೆಗೆ ಹತ್ತಲಿಲ್ಲ ಎನ್ನುವವರು ಬಹಳ ಜನ. ಅಂಥವರು ಒಂದು ಸಲ ಕೈಯಾರೆ ಅಳತೆ ಮಾಡಿ ನೋಡಬೇಕು. ಸೂತ್ರ ಯಾಕೆ ಹಾಗಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಉತ್ತರ ಎಷ್ಟು ನಂಬಬಹುದು ಎಂಬುದೂ ತಿಳಿಯುತ್ತದೆ, ಅದೇ ಹೆಚ್ಚು ಮುಖ್ಯ.

ಮೂಲ ವಿಚಾರ: ಕೋನ ಒಂದೇ ಆದರೆ ಅನುಪಾತವೂ ಒಂದೇ

ಬಿಸಿಲಿನಲ್ಲಿ 1 ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆರಳು 1.28 ಮೀ. ಬಿತ್ತು ಎನ್ನೋಣ. ಅದೇ ಹೊತ್ತಿನಲ್ಲಿ ಪಕ್ಕದ ಕಂಬದ ನೆರಳು 12.8 ಮೀ. ಇದ್ದರೆ ಕಂಬದ ಎತ್ತರ 10 ಮೀ. ಸೂರ್ಯನ ಕಿರಣಗಳು ಸಮಾಂತರವಾಗಿ ಬರುತ್ತವೆ, ಹಾಗಾಗಿ ಕೋಲು ಮತ್ತು ಅದರ ನೆರಳಿನ ತ್ರಿಭುಜವೂ ಕಂಬ ಮತ್ತು ಅದರ ನೆರಳಿನ ತ್ರಿಭುಜವೂ ಸಮರೂಪ. ಗಾತ್ರ ಬೇರೆ, ಆಕಾರ ಒಂದೇ. ಎತ್ತರವನ್ನು ನೆರಳಿನಿಂದ ಭಾಗಿಸಿದರೆ ಎರಡರಲ್ಲೂ 0.78 ಬರುತ್ತದೆ. ಆ ಹೊತ್ತಿಗೆ ಸೂರ್ಯ ಕ್ಷಿತಿಜದಿಂದ ಸುಮಾರು 38° ಮೇಲಿದ್ದಾನೆ, ಮತ್ತು 38°ಯ ಟ್ಯಾನ್ (ಈ ಅನುಪಾತಕ್ಕಿರುವ ಹೆಸರು) ಬೆಲೆ 0.7813. ನೀವು ಕೋಲು ಮತ್ತು ನೆರಳಿನಿಂದ ಕಂಡುಕೊಂಡದ್ದು ಇದೇ ಸಂಖ್ಯೆ.

ಲಂಬಕೋನ ತ್ರಿಭುಜದಲ್ಲಿ ಒಂದು ಲಘುಕೋನ ಗೊತ್ತಾದರೆ ಇನ್ನೊಂದು ತಾನಾಗಿಯೇ ನಿಗದಿಯಾಗುತ್ತದೆ, ಅಂದರೆ ಆಕಾರ ಪೂರ್ತಿ ನಿಗದಿ. ಹೀಗಾಗಿ ಯಾವ ಎರಡು ಬಾಹುಗಳ ಅನುಪಾತವೂ ಆ ಕೋನವೊಂದನ್ನೇ ಅವಲಂಬಿಸಿರುತ್ತದೆ. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್ (ಚಿಕ್ಕದಾಗಿ ಕಾಸ್), ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾನ್. ಕೊಸೆಕ್, ಸೆಕ್, ಕಾಟ್ ಈ ಮೂರರ ವ್ಯುತ್ಕ್ರಮಗಳು, ಹೊಸ ವಿಚಾರವೇನೂ ಅಲ್ಲ.

ಹೊಸಬರು ಎಡವುವುದು ಬಾಹುಗಳ ಹೆಸರಿನಲ್ಲಿ. ವಿಕರ್ಣ ಯಾವಾಗಲೂ ಲಂಬಕೋನದ ಎದುರಿನದು, ಅದು ಬದಲಾಗುವುದಿಲ್ಲ. ಅಭಿಮುಖ ಎಂದರೆ ನೋಡುವ ಕೋನದ ಎದುರಿನದು, ಪಾರ್ಶ್ವ ಎಂದರೆ ಆ ಕೋನಕ್ಕೆ ತಾಗಿದ, ವಿಕರ್ಣವಲ್ಲದ ಬಾಹು. ಆದರೆ ಅಭಿಮುಖ, ಪಾರ್ಶ್ವ ಎಂಬ ಹೆಸರುಗಳು ನೀವು ಯಾವ ಕೋನದಿಂದ ನೋಡುತ್ತಿದ್ದೀರಿ ಎಂಬುದರ ಮೇಲೆ ಅದಲುಬದಲಾಗುತ್ತವೆ. ಚಿತ್ರ ಬರೆದ ಕೂಡಲೇ ಲೆಕ್ಕಕ್ಕೆ ತೆಗೆದುಕೊಂಡ ಕೋನಕ್ಕೆ ಕಮಾನು ಹಾಕಿ, ಆ ಕಮಾನಿನ ಎದುರಿಗೆ ಬಿದ್ದ ಬಾಹುವಿನ ಮೇಲೆ "ಅಭಿಮುಖ" ಎಂದು ಬರೆದೇ ಮುಂದುವರಿಯಿರಿ.

ನಿಮ್ಮದೇ ಕೋಷ್ಟಕ ಮಾಡಿಕೊಳ್ಳಿ

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಗ್ರಾಫ್ ಹಾಳೆಯಲ್ಲಿ ಈ ಕೆಲಸ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಎಡಗಡೆ ಕೆಳಮೂಲೆಯನ್ನು ಕೇಂದ್ರವಾಗಿಟ್ಟು 10 ಸೆಂ.ಮೀ. ತ್ರಿಜ್ಯದ ಕಾಲು ವೃತ್ತ ಎಳೆಯಿರಿ. ಕೋನಮಾಪಕ ಇಟ್ಟು 38°ಗೆ ಗುರುತು ಹಾಕಿ, ಕೇಂದ್ರದಿಂದ ವೃತ್ತಕ್ಕೆ ಗೆರೆ ಎಳೆಯಿರಿ. ಗೆರೆ ವೃತ್ತವನ್ನು ಮುಟ್ಟಿದ ಬಿಂದು ತಳದಿಂದ ಎಷ್ಟು ಮೇಲಿದೆ ಎಂದು ಚೌಕಗಳನ್ನು ಎಣಿಸಿದರೆ ಸುಮಾರು 6.2 ಸೆಂ.ಮೀ., ಎಡ ಅಂಚಿನಿಂದ ಎಷ್ಟು ದೂರ ಎಂದು ನೋಡಿದರೆ 7.9 ಸೆಂ.ಮೀ. ಹತ್ತರಿಂದ ಭಾಗಿಸಿ: ಸೈನ್ 0.62, ಕಾಸ್ 0.79. ನಿಜವಾದ ಬೆಲೆಗಳು 0.6157 ಮತ್ತು 0.7880. ಅದೇ ಗೆರೆಯನ್ನು ವೃತ್ತದಾಚೆಗೂ ಬೆಳೆಸಿ. ಎಡ ಅಂಚಿನಿಂದ ಸರಿಯಾಗಿ 10 ಸೆಂ.ಮೀ. ದೂರದಲ್ಲಿ ನಿಂತ ಲಂಬರೇಖೆಯನ್ನು ಅದು 7.8 ಸೆಂ.ಮೀ. ಎತ್ತರದಲ್ಲಿ ಕಡಿಯುತ್ತದೆ, ಅಂದರೆ ಟ್ಯಾನ್ 0.78.

ಹೀಗೆ 10° ಅಂತರದಲ್ಲಿ ಬೆಲೆಗಳನ್ನು ಓದುತ್ತ ಹೋದರೆ ಪುಸ್ತಕ ನೇರವಾಗಿ ಹೇಳದ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಕೋನ ಎರಡರಷ್ಟಾದರೆ ಸೈನ್ ಎರಡರಷ್ಟಾಗುವುದಿಲ್ಲ: 30°ಗೆ 0.5, 60°ಗೆ 0.866. ಮತ್ತು 90°ಯ ಹತ್ತಿರ ಟ್ಯಾನ್ ಹುಚ್ಚೆದ್ದು ಏರುತ್ತದೆ: 80°ಗೆ 5.67, 89°ಗೆ 57.3. ಈ ಎರಡನೆಯದು ಮುಂದೆ ಅಳತೆಯಲ್ಲಿ ತೊಂದರೆ ಕೊಡಲಿದೆ.

ವೃತ್ತವನ್ನು ಭಾಗಮಾಡಿ ಕೋಷ್ಟಕ ಕಟ್ಟುವ ಈ ಕ್ರಮ ಬಹಳ ಹಳೆಯದು. ಕ್ರಿ.ಶ. 499ರಲ್ಲಿ ಆರ್ಯಭಟ ಕಾಲು ವೃತ್ತವನ್ನು 24 ಸಮಭಾಗ ಮಾಡಿ, ಪ್ರತಿ 3 ಡಿಗ್ರಿ 45 ಮಿನಿಟಿಗೆ (3.75°) ಜ್ಯಾ (ತ್ರಿಜ್ಯದಿಂದ ಗುಣಿಸಿದ ಸೈನ್) ಬೆಲೆಗಳು ಸಿಗುವಂತೆ ಅವುಗಳ ವ್ಯತ್ಯಾಸಗಳನ್ನು ಕೊಟ್ಟ. ಅವನು ಹಿಡಿದ ತ್ರಿಜ್ಯ 3438, ಮೊದಲ ಬೆಲೆ 225. ಎಂಟನೆಯ ಬೆಲೆ, ಅಂದರೆ 30°ಯದು, 1719. ಅದು 3438ರ ಸರಿಯಾದ ಅರ್ಧ. ಏಳನೆಯ ಶತಮಾನದ ಒಂದನೆಯ ಭಾಸ್ಕರ ಕೋಷ್ಟಕವೇ ಬೇಡದ ಸೂತ್ರವೊಂದನ್ನು ಕೊಟ್ಟಿದ್ದಾನೆ, ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಡಿಗ್ರಿಯಲ್ಲಿರುವ ಕೋನವನ್ನು 180ರಿಂದ ಕಳೆದು, ಬಂದದ್ದನ್ನು ಅದೇ ಕೋನದಿಂದ ಗುಣಿಸಿ. ಈ ಗುಣಲಬ್ಧದ ನಾಲ್ಕು ಪಟ್ಟನ್ನು, 40500ರಿಂದ ಆ ಗುಣಲಬ್ಧವನ್ನು ಕಳೆದ ಸಂಖ್ಯೆಯಿಂದ ಭಾಗಿಸಿದರೆ ಸೈನ್. 40°ಗೆ ನೋಡಿ: 40 × 140 = 5600. ನಾಲ್ಕು ಪಟ್ಟು 22400. 40500 − 5600 = 34900. ಭಾಗಿಸಿದರೆ 0.6418, ನಿಜ ಬೆಲೆ 0.6428. ಕಾಗದ ಪೆನ್ಸಿಲಿನಲ್ಲಿ ಮೂರು ಸಾಲಿನ ಲೆಕ್ಕಕ್ಕೆ ಇಷ್ಟು ನಿಖರತೆ ಸಿಗುವುದು ನಿಜಕ್ಕೂ ಬೆರಗಿನ ವಿಷಯ.

ಕೋನ ಅಳೆಯುವ ಸಾಧನ

ಬೇಕಾದದ್ದು: ಅರ್ಧವೃತ್ತದ ದೊಡ್ಡ ಕೋನಮಾಪಕ (15 ಸೆಂ.ಮೀ. ಅಥವಾ ಹೆಚ್ಚು ಅಗಲದ್ದು), ಬಾಗದ ಒಂದು ಸ್ಟ್ರಾ, 30 ಸೆಂ.ಮೀ. ನೂಲು, ತೂಕಕ್ಕೆ ಒಂದು ಕಬ್ಬಿಣದ ನಟ್ಟು, ಅಂಟುಪಟ್ಟಿ.

1. ಸ್ಟ್ರಾವನ್ನು ಕೋನಮಾಪಕದ 0–180 ಗೆರೆಗೆ ಸಮಾಂತರವಾಗಿ ಅಂಟಿಸಿ. ಪ್ಲಾಸ್ಟಿಕ್ ಅಂಚಿಗೆ ಸಮಾಂತರವಾಗಿದ್ದರೆ ಸಾಲದು, ಅಂಚು ಮತ್ತು ಗೆರೆ ಒಂದಕ್ಕೊಂದು ಸ್ವಲ್ಪ ಓರೆಯಾಗಿರುವ ಕೋನಮಾಪಕಗಳೂ ಉಂಟು.

2. 90ರ ಗೆರೆ ಮತ್ತು 0–180 ಗೆರೆ ಸೇರುವ ಕೇಂದ್ರದ ತೂತಿನಿಂದ ನೂಲು ಇಳಿಬಿಡಿ. ಅಂಚಿನಿಂದ ಇಳಿಬಿಟ್ಟರೆ ಓದುವ ಕೋನವೆಲ್ಲ ತಪ್ಪುತ್ತದೆ.

3. ನೂಲಿನ ತುದಿಗೆ ನಟ್ಟು ಕಟ್ಟಿ. ಅದು ಕೋನಮಾಪಕದ ವೃತ್ತಾಕಾರದ ಅಂಚಿಗಿಂತ ಕೆಳಗೆ ತೂಗಾಡಬೇಕು, ನೂಲು ಎಲ್ಲಿಯೂ ಅಂಟುಪಟ್ಟಿಗೆ ತಾಗಬಾರದು.

ಸ್ಟ್ರಾದೊಳಗಿಂದ ಗುರಿಯನ್ನು ನೋಡುವವರು ಒಬ್ಬರು, ಅಂಕಿ ಓದುವವರು ಇನ್ನೊಬ್ಬರಾದರೆ ಕೆಲಸ ಸಲೀಸು. ಒಬ್ಬರೇ ಇದ್ದರೆ ನೂಲಿನ ತೂಗಾಟ ನಿಂತ ಮೇಲೆ ಅದನ್ನು ಬೆರಳಿನಿಂದ ಹಾಗೇ ಒತ್ತಿಹಿಡಿದು ಕೆಳಗಿಳಿಸಿ ಓದಿ. ಸ್ಟ್ರಾ ಸಮತಲದಲ್ಲಿದ್ದಾಗ ನೂಲು 90ರ ಮೇಲೆ ಬೀಳುತ್ತದೆ. ಹಾಗಾಗಿ ಉನ್ನತ ಕೋನ (ಸಮತಲದಿಂದ ನೋಟ ಎಷ್ಟು ಮೇಲಕ್ಕೆತ್ತಿದೆ ಎಂಬುದು) ಎಂದರೆ ನೂಲು 90ರಿಂದ ಎಷ್ಟು ಸರಿದಿದೆ ಎಂಬುದು. 52 ಕಂಡರೂ 128 ಕಂಡರೂ ಕೋನ 38°ಯೇ.

ಈಗ ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ: ಶೂನ್ಯದೋಷ ನೋಡುವುದು. ಹತ್ತು ಮೀಟರ್ ಅಂತರದ ಎರಡು ಗೋಡೆಗಳ ಮೇಲೆ ಕಣ್ಣಿನ ಎತ್ತರಕ್ಕೆ, ಒಂದೇ ಮಟ್ಟದಲ್ಲಿ, ಗುರುತು ಹಾಕಿ. ಮಟ್ಟ ಹಿಡಿಯಲು ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ಪೈಪಿನೊಳಗೆ ಗಾಳಿಗುಳ್ಳೆ ಉಳಿಯದಂತೆ ಮಾತ್ರ ನೋಡಿಕೊಳ್ಳಿ. ಒಂದು ಗುರುತಿನ ಪಕ್ಕ ಕಣ್ಣಿಟ್ಟು ಇನ್ನೊಂದನ್ನು ನೋಡಿದಾಗ ನೂಲು 90ರಲ್ಲಿ ನಿಲ್ಲಬೇಕು. 91.5ರಲ್ಲಿ ನಿಂತರೆ ಸಾಧನವನ್ನು ಬಿಚ್ಚಬೇಕಿಲ್ಲ. ಮುಂದಿನ ಎಲ್ಲ ಲೆಕ್ಕದಲ್ಲಿ 90ರ ಬದಲು 91.5 ಹಿಡಿಯಿರಿ, ಸಾಧನದ ಅದೇ ಮಗ್ಗುಲು ನಿಮ್ಮ ಕಡೆಗಿರಲಿ, ಅದೇ ಸಾಲಿನ ಅಂಕಿ ಓದಿ. ಫೋನಿನಲ್ಲಿ ಕೋನ ತೋರಿಸುವ ಆ್ಯಪ್ ಬಳಸುವವರಿಗೂ ಇದೇ ಪರೀಕ್ಷೆ ಬೇಕು. ಫೋನಿನ ಅಂಚು ಮತ್ತು ಅದರೊಳಗಿನ ಸಂವೇದಕ ಸರಿಯಾಗಿ ಒಂದೇ ದಿಕ್ಕಿನಲ್ಲಿರುತ್ತವೆ ಎಂದು ನಂಬಿ ಕೂರಬೇಡಿ.

ಬುಡಕ್ಕೆ ಹೋಗಬಹುದಾದ ವಸ್ತುವಿನ ಎತ್ತರ

ಮರ, ಕಂಬ, ಕಟ್ಟಡ ಯಾವುದಾದರೂ ಸರಿ. ಬುಡದಿಂದ ನೀವು ನಿಂತ ಜಾಗಕ್ಕೆ ಟೇಪಿನಲ್ಲಿ 20 ಮೀ. ಬಂತು. ತುದಿಯನ್ನು ನೋಡಿದಾಗ ಉನ್ನತ ಕೋನ 38°. ಕಣ್ಣಿನ ಎತ್ತರ 1.5 ಮೀ. ಟ್ಯಾನ್ 38° = 0.7813. ಇಪ್ಪತ್ತರಿಂದ ಗುಣಿಸಿದರೆ 15.6 ಮೀ. ಇದು ನಿಮ್ಮ ಕಣ್ಣಿನಿಂದ ಮೇಲಿನ ಎತ್ತರ. ಕಣ್ಣಿನ ಎತ್ತರ ಕೂಡಿಸಿದರೆ 17.1 ಮೀ. ಕಣ್ಣಿನ ಎತ್ತರ ಕೂಡಿಸಲು ಮರೆಯುವುದೇ ಈ ಲೆಕ್ಕದ ಅತಿ ಸಾಮಾನ್ಯ ತಪ್ಪು.

ಎಷ್ಟು ದೂರ ನಿಂತರೆ ಒಳ್ಳೆಯದು? ತುದಿ 45° ಸುಮಾರಿನಲ್ಲಿ ಕಾಣುವಷ್ಟು, ಅಂದರೆ ವಸ್ತುವಿನ ಎತ್ತರದಷ್ಟೇ ದೂರ. ಕಾರಣ ಹೀಗಿದೆ. ಕೋನ ಓದುವಾಗ 1° ತಪ್ಪಿದರೆ, 45°ಯಲ್ಲಿ ಎತ್ತರ ಸುಮಾರು ಶೇ 3.5 ತಪ್ಪುತ್ತದೆ. 20°ಯಲ್ಲೂ 70°ಯಲ್ಲೂ ಶೇ 5.4. 10°ಯಲ್ಲೂ 80°ಯಲ್ಲೂ ಶೇ 10ಕ್ಕಿಂತ ಹೆಚ್ಚು. ತೀರಾ ಹತ್ತಿರ ನಿಂತು ಕತ್ತೆತ್ತಿ ನೋಡಿದರೂ ನಷ್ಟ, ತೀರಾ ದೂರ ಹೋದರೂ ನಷ್ಟ. ಮೇಲಿನ ಉದಾಹರಣೆಯಲ್ಲಿ ಅರ್ಧ ಡಿಗ್ರಿ ತಪ್ಪು ಸಹಜ ಎಂದುಕೊಂಡರೆ ಎತ್ತರದಲ್ಲಿ ಸುಮಾರು 30 ಸೆಂ.ಮೀ. ಆಚೀಚೆ. ಆದ್ದರಿಂದ ಉತ್ತರವನ್ನು "17.1 ಮೀ., 0.3 ಹೆಚ್ಚು ಕಡಿಮೆ" ಎಂದು ಬರೆಯಬೇಕೇ ಹೊರತು ಕ್ಯಾಲ್ಕುಲೇಟರ್ ತೋರಿಸಿದ 17.12571 ಎಂದಲ್ಲ. ಶೂನ್ಯದೋಷದ ಆ 1.5° ತಿದ್ದದೆ ಬಿಟ್ಟಿದ್ದರೆ ಇದೇ ಅಳತೆ 80 ಸೆಂ.ಮೀ.ಗೂ ಹೆಚ್ಚು ತಪ್ಪುತ್ತಿತ್ತು.

ಮರ ಅಳೆಯುವವರು ಇನ್ನೆರಡು ವಿಷಯ ಗಮನಿಸಬೇಕು. ಮರ ನಿಮ್ಮ ಕಡೆಗೆ 2 ಮೀ. ವಾಲಿದ್ದರೆ ತುದಿ ಬುಡದ ನೇರಕ್ಕಿಲ್ಲ. ಲೆಕ್ಕಕ್ಕೆ 20 ಮೀ. ಹಾಕಿದಿರಿ, ನಿಜದಲ್ಲಿ ತುದಿಯ ಕೆಳಗಿನ ಬಿಂದು 18 ಮೀ. ದೂರದಲ್ಲಿದೆ, ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ ಶೇ 11 ಹೆಚ್ಚಾಗಿ ಬರುತ್ತದೆ. ವಾಲಿದ ದಿಕ್ಕಿಗೆ ಅಡ್ಡಲಾಗಿ ನಿಂತರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಇನ್ನೊಂದು, ಹರಡಿದ ಕೊಂಬೆಗಳ ಮರ. ಹತ್ತಿರದಿಂದ ನೋಡಿದರೆ ತುದಿ ಎಂದು ಕಾಣುವುದು ಬಹಳ ಸಲ ನಿಮ್ಮ ಕಡೆ ಚಾಚಿದ ಕೊಂಬೆ, ನಿಜವಾದ ತುದಿ ಅದರ ಹಿಂದೆ ಮರೆಯಾಗಿರುತ್ತದೆ. ಇಂಥ ಮರಕ್ಕೆ 45° ನಿಯಮ ಬಿಟ್ಟು ಇನ್ನಷ್ಟು ಹಿಂದೆ ಸರಿಯುವುದೇ ವಾಸಿ.

ನೆಲ ಇಳಿಜಾರಾಗಿದ್ದರೆ ಕಣ್ಣಿನ ಎತ್ತರ ಕೂಡಿಸುವ ಉಪಾಯ ನಡೆಯುವುದಿಲ್ಲ. ಆಗ ತುದಿಯ ಉನ್ನತ ಕೋನವನ್ನೂ ಬುಡದ ಅವನತ ಕೋನವನ್ನೂ (ಸಮತಲದಿಂದ ನೋಟ ಕೆಳಗಿಳಿದ ಕೋನ) ಅಳೆದು, ಎರಡರ ಟ್ಯಾನ್ ಕೂಡಿಸಿ, ಸಮತಲ ದೂರದಿಂದ ಗುಣಿಸಿ. ನೀವು ತಗ್ಗಿನಲ್ಲಿದ್ದು ಬುಡವೂ ಕಣ್ಣಿಗಿಂತ ಮೇಲಿದ್ದರೆ ಕೂಡಿಸುವ ಬದಲು ಕಳೆಯಿರಿ. ಟೇಪನ್ನು ಇಳಿಜಾರಿನ ಮೇಲೆಯೇ ಹಾಸಿ ಅಳೆದಿದ್ದರೆ ಆ ಉದ್ದವನ್ನು ಇಳಿಜಾರು ಕೋನದ ಕಾಸ್‌ನಿಂದ ಗುಣಿಸಬೇಕು. 30 ಮೀಟರಿಗೆ 5° ಇಳಿಜಾರಿನಲ್ಲಿ ವ್ಯತ್ಯಾಸ 11 ಸೆಂ.ಮೀ., 10°ಯಲ್ಲಿ 46 ಸೆಂ.ಮೀ.

ಬುಡಕ್ಕೆ ಹೋಗಲಾಗದಿದ್ದರೆ

ಹೊಳೆಯಾಚೆಯ ಗೋಪುರ, ಬೇಲಿಯೊಳಗಿನ ಚಿಮಣಿ, ಗುಡ್ಡದ ತಲೆ. ಇಂಥವಕ್ಕೆ ಸಮತಟ್ಟಾದ ನೆಲದಲ್ಲಿ, ವಸ್ತುವಿನ ನೇರಕ್ಕೆ ಒಂದೇ ಸಾಲಿನಲ್ಲಿ ಎರಡು ಜಾಗ ಆರಿಸಿ. ದೂರದ ಜಾಗದಿಂದ ಉನ್ನತ ಕೋನ 28°, ಅಲ್ಲಿಂದ ವಸ್ತುವಿನ ಕಡೆಗೆ 25 ಮೀ. ನಡೆದು ನೋಡಿದರೆ 41°. ಎರಡೂ ಕೋನಗಳ ಕಾಟ್ ತೆಗೆಯಿರಿ (1ನ್ನು ಟ್ಯಾನ್‌ನಿಂದ ಭಾಗಿಸಿದರೆ ಕಾಟ್): 1.8807 ಮತ್ತು 1.1504. ವ್ಯತ್ಯಾಸ 0.7303. ನಡೆದ ದೂರವನ್ನು ಇದರಿಂದ ಭಾಗಿಸಿ: 25 ÷ 0.7303 = 34.2 ಮೀ. ಕಣ್ಣಿನ ಎತ್ತರ ಸೇರಿ 35.7 ಮೀ. ನಡುವೆ ಅಂಕಿಗಳನ್ನು ಮೊಟಕುಗೊಳಿಸಬೇಡಿ. 1.9 ಮತ್ತು 1.2 ಎಂದು ಹಿಡಿದಿದ್ದರೆ 34.2ರ ಜಾಗದಲ್ಲಿ 35.7 ಬಂದು ಕೂರುತ್ತಿತ್ತು, ಇನ್ನೂ ಕಣ್ಣಿನ ಎತ್ತರ ಸೇರಿಸುವ ಮೊದಲೇ.

ಈ ವಿಧಾನದ ದೌರ್ಬಲ್ಯ ಸೂತ್ರದಲ್ಲೇ ಇದೆ: ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದು, ಆ ಸಣ್ಣ ಶೇಷದಿಂದ ಭಾಗಿಸುತ್ತೇವೆ. 28° ಬದಲು 28.5° ಎಂದು ಓದಿದ್ದರೆ ಎತ್ತರ 36.2 ಆಗುತ್ತಿತ್ತು, ಎರಡು ಮೀಟರಿನಷ್ಟು ಏರಿಕೆ. ಸೋಮಾರಿತನಕ್ಕೆ 25 ಮೀ. ಬದಲು 5 ಮೀ. ಮಾತ್ರ ನಡೆದಿದ್ದರೆ? ದೂರದ ಕೋನ 37.6° ಆಗಿರುತ್ತಿತ್ತು. ಅದರಲ್ಲಿ ಅದೇ ಅರ್ಧ ಡಿಗ್ರಿ ತಪ್ಪಾದರೆ ಎತ್ತರ 34ರಿಂದ 40 ಮೀಟರಿಗೂ ಮೇಲೆ ಹಾರುತ್ತದೆ. ಸಾಧನ ಅದೇ, ಕಣ್ಣು ಅದೇ, ಕೆಟ್ಟದ್ದು ತ್ರಿಭುಜದ ಆಕಾರ. ಎರಡು ಕೋನಗಳ ನಡುವೆ ಕನಿಷ್ಠ 12–15° ಅಂತರ ಬರುವಷ್ಟು ನಡೆಯಿರಿ, ಪ್ರತಿ ಕೋನವನ್ನೂ ನಾಲ್ಕೈದು ಸಲ ಓದಿ ಸರಾಸರಿ ತೆಗೆಯಿರಿ.

ಹೊಳೆಯ ಅಗಲ, ಕೆರೆಯ ಉದ್ದ

ಆಚೆ ದಡದಲ್ಲಿ ಎದ್ದು ಕಾಣುವ ಒಂದು ಮರವನ್ನು ಗುರುತಿಸಿ. ಈಚೆ ದಡದುದ್ದಕ್ಕೂ ನೇರವಾಗಿ 40 ಮೀ. ಅಳೆದು ಎರಡು ತುದಿಗೂ ಗೂಟ ಹೊಡೆಯಿರಿ. ಈ ಅಳೆದ ಗೆರೆಯೇ ಆಧಾರರೇಖೆ. ಪ್ರತಿ ಗೂಟದ ಬಳಿ ಹಲಗೆಯೊಂದನ್ನು ಮಟ್ಟವಾಗಿಟ್ಟು, ಕೋನಮಾಪಕ ಇಟ್ಟು, ಆಧಾರರೇಖೆಗೂ ಮರದ ದಿಕ್ಕಿಗೂ ನಡುವಿನ ಕೋನ ಓದಿ. ಒಂದು ಕಡೆ 72°, ಇನ್ನೊಂದು ಕಡೆ 61° ಬಂತೆನ್ನಿ. ಮರದ ಬಳಿಯ ಮೂರನೆಯ ಕೋನ 180ರಿಂದ ಇವೆರಡನ್ನೂ ಕಳೆದರೆ 47°.

ಇಲ್ಲಿ ಲಂಬಕೋನವಿಲ್ಲ, ಸೈನ್ ನಿಯಮ ಬೇಕು: ಯಾವ ತ್ರಿಭುಜದಲ್ಲಾದರೂ ಬಾಹುವನ್ನು ಅದರ ಎದುರು ಕೋನದ ಸೈನ್‌ನಿಂದ ಭಾಗಿಸಿದರೆ ಮೂರು ಕಡೆಯೂ ಒಂದೇ ಬೆಲೆ. ಮೊದಲ ಗೂಟದಿಂದ ಮರಕ್ಕೆ ದೂರ = 40 × ಸೈನ್ 61° ÷ ಸೈನ್ 47° = 40 × 0.8746 ÷ 0.7314 = 47.8 ಮೀ. ಇದು ಓರೆ ದೂರ. ಹೊಳೆಯ ಅಗಲಕ್ಕೆ ಅದನ್ನು ಸೈನ್ 72°ಯಿಂದ (0.9511) ಗುಣಿಸಬೇಕು: 45.5 ಮೀ. ಆಧಾರರೇಖೆಯಿಂದ ನೀರಿನ ಅಂಚಿಗೆ ಇರುವ ಅಂತರವನ್ನು ಇದರಲ್ಲಿ ಕಳೆಯಿರಿ, ಆಚೆ ಮರ ನೀರಂಚಿನಲ್ಲೇ ಇಲ್ಲದಿದ್ದರೆ ಅದನ್ನೂ ಅಂದಾಜಿಸಿ ಕಳೆಯಿರಿ. ಮೂರನೆಯ ಕೋನ 30°ಗಿಂತ ಕಿರಿದಾದರೆ ಆಧಾರರೇಖೆಯನ್ನು ಉದ್ದ ಮಾಡಿ. ಭೂಮಾಪಕರು ತಮ್ಮ ತ್ರಿಭುಜಗಳ ಕೋನಗಳನ್ನು 30° ಮತ್ತು 120° ನಡುವೆ ಇಟ್ಟುಕೊಳ್ಳುವುದು ಇದಕ್ಕೇ.

ಕೆರೆಯ ಎರಡು ತುದಿಗೂ ನಡೆದು ಹೋಗಬಹುದು, ನಡುವೆ ಮಾತ್ರ ನೀರು ಎಂದಾದರೆ ಕಾಸ್ ನಿಯಮ ಸುಲಭ. ಎರಡೂ ತುದಿ ಕಾಣುವ ಒಂದು ಜಾಗದಿಂದ ಒಂದಕ್ಕೆ 60 ಮೀ., ಇನ್ನೊಂದಕ್ಕೆ 45 ಮೀ., ನಡುವಿನ ಕೋನ 70°. ವರ್ಗಗಳನ್ನು ಕೂಡಿಸಿ (3600 + 2025 = 5625), ಅದರಿಂದ 2 × 60 × 45 × ಕಾಸ್ 70° (1847) ಕಳೆದು, ವರ್ಗಮೂಲ ತೆಗೆದರೆ 61.5 ಮೀ. ಕೋನ 90° ಆಗಿದ್ದರೆ ಕಳೆಯುವ ಭಾಗ ಸೊನ್ನೆಯಾಗಿ ಉತ್ತರ 75, ಅದು ಪೈಥಾಗೊರಸ್ ಪ್ರಮೇಯವೇ. ಸೈನ್ ನಿಯಮದಿಂದ ಕೋನ ಹುಡುಕುವಾಗ ಮಾತ್ರ ಎಚ್ಚರ: ಸೈನ್ 0.5 ಬಂದರೆ ಕ್ಯಾಲ್ಕುಲೇಟರ್ 30° ಎನ್ನುತ್ತದೆ, 150°ಯ ಸೈನ್ ಕೂಡ 0.5. ಯಾವುದು ನಿಮ್ಮದು ಎಂದು ಚಿತ್ರ ನೋಡಿ ತೀರ್ಮಾನಿಸಬೇಕು.

ಕಟ್ಟಡ ಕೆಲಸದಲ್ಲಿ

ಏಣಿಯನ್ನು ನೆಲದಿಂದ ಸುಮಾರು 75° ಕೋನದಲ್ಲಿ ಒರಗಿಸುವುದು ಸುರಕ್ಷಿತ ಎಂಬ ನಿಯಮವಿದೆ. 6 ಮೀ. ಏಣಿಗೆ 6 × ಕಾಸ್ 75° = 1.55 ಮೀ. ಬುಡ ಗೋಡೆಯಿಂದ ದೂರ, 6 × ಸೈನ್ 75° = 5.8 ಮೀ. ತಲುಪುವ ಎತ್ತರ. ಬುಡ ಇದಕ್ಕಿಂತ ದೂರವಾದರೆ ಜಾರುತ್ತದೆ, ಹತ್ತಿರವಾದರೆ ಹತ್ತುವವರ ಭಾರಕ್ಕೆ ಹಿಂದಕ್ಕೆ ವಾಲುತ್ತದೆ.

ಗಾಲಿಕುರ್ಚಿಯ ರ‍್ಯಾಂಪಿಗೆ 1ಕ್ಕೆ 12 ಇಳಿಜಾರು ಎಂದರೆ ಟ್ಯಾನ್ 1/12, ಕೋನ 4.8°. 60 ಸೆಂ.ಮೀ. ಏರಲು 7.2 ಮೀ. ಸಮತಲ ಉದ್ದ ಬೇಕು. ಶೇಕಡಾವಾರು ಇಳಿಜಾರನ್ನು ಡಿಗ್ರಿ ಎಂದು ಓದುವವರು ಬಹಳ. ಶೇ 10 ಎಂದರೆ 5.7°, ಶೇ 100 ಎಂದರೆ 90° ಅಲ್ಲ, 45°.

ಇಳಿಜಾರು ಚಾವಣಿಯಲ್ಲಿ ಗೋಡೆಯಿಂದ ನೆತ್ತಿಯ ನೇರಕ್ಕೆ ಸಮತಲ ದೂರ 3 ಮೀ., ಏರಿಕೆ 1.25 ಮೀ. ಇದ್ದರೆ ಟ್ಯಾನ್ 0.4167, ಕೋನ 22.6°. ರಾಫ್ಟರಿನ (ಚಾವಣಿ ಹೊರುವ ಓರೆ ತೊಲೆ) ಉದ್ದ 3 ÷ ಕಾಸ್ 22.6° = 3.25 ಮೀ. ಗೋಡೆಯಾಚೆ ಸೂರು ಅರ್ಧ ಮೀಟರ್ ಚಾಚಬೇಕಾದರೆ 0.5 ಕೂಡಿಸಿದರೆ ಆಗದು. ಅದೂ ಓರೆಯಾಗಿಯೇ ಹೋಗುವುದರಿಂದ 0.5 ÷ 0.923 = 0.54. ಒಟ್ಟು 3.79 ಮೀ. ಮರ ಕೊಯ್ದ ಮೇಲೆ ನಾಲ್ಕು ಸೆಂಟಿಮೀಟರ್ ಕಡಿಮೆ ಬಿದ್ದರೆ ಜೋಡಿಸಲು ದಾರಿಯಿಲ್ಲ.

ಕ್ಯಾಲ್ಕುಲೇಟರ್, ಕಂಪ್ಯೂಟರ್

ಕೆಲಸ ಶುರುಮಾಡುವ ಮೊದಲು ಸೈನ್ 30 ಒತ್ತಿ. 0.5 ಬಂದರೆ ಯಂತ್ರ ಡಿಗ್ರಿಯಲ್ಲಿದೆ. ಕೋನವನ್ನು ರೇಡಿಯನ್ (180° ಎಂದರೆ ಪೈ ರೇಡಿಯನ್), ಗ್ರೇಡ್ (90° ಎಂದರೆ 100 ಗ್ರೇಡ್) ಎಂಬ ಅಳತೆಗಳಲ್ಲೂ ಹೇಳುವುದುಂಟು. −0.988 ಬಂದರೆ ರೇಡಿಯನ್‌ನಲ್ಲಿದೆ, 0.454 ಬಂದರೆ ಗ್ರೇಡ್‌ನಲ್ಲಿದೆ. ಸ್ಪ್ರೆಡ್‌ಶೀಟ್‌ಗಳೂ ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳೂ ರೇಡಿಯನ್ನನ್ನೇ ಕೇಳುತ್ತವೆ, ಹಾಗಾಗಿ ಡಿಗ್ರಿಯನ್ನು ಪೈನಿಂದ ಗುಣಿಸಿ 180ರಿಂದ ಭಾಗಿಸಿ ಕೊಡಬೇಕು. ಈ ತಪ್ಪು ಯಾವಾಗಲೂ ಅಸಂಬದ್ಧ ಉತ್ತರ ಕೊಟ್ಟು ತನ್ನನ್ನು ತಾನೇ ತೋರಿಸಿಕೊಳ್ಳುವುದಿಲ್ಲ, ಅದೇ ಅಪಾಯ. 38ನ್ನು ರೇಡಿಯನ್ ಎಂದು ಹಿಡಿದರೆ ಟ್ಯಾನ್ 0.31. ಮೊದಲಿನ 17.1 ಮೀ. ಮರ 7.7 ಮೀ. ಎಂದು ಬರುತ್ತದೆ, ಮರಕ್ಕೆ ಒಪ್ಪುವ ಎತ್ತರವೇ. 45°ಗಿಂತ ಸ್ವಲ್ಪ ಕಡಿಮೆ ಕೋನ ಎಂದರೆ ಎತ್ತರ ದೂರಕ್ಕಿಂತ ಸ್ವಲ್ಪ ಕಡಿಮೆ ಇರಬೇಕು ಎಂಬ ಅಂದಾಜು ತಲೆಯಲ್ಲಿದ್ದವರು ಮಾತ್ರ ಹಿಡಿಯಬಲ್ಲರು. ಮತ್ತೆ, ಕ್ಯಾಲ್ಕುಲೇಟರ್ ಗುಂಡಿಯ ಮೇಲೆ ಸೈನ್‌ನ ತಲೆಗೆ ಹಾಕಿರುವ −1 ಭಾಗಾಕಾರದ ಗುರುತಲ್ಲ. ಅನುಪಾತದಿಂದ ಕೋನಕ್ಕೆ ಹಿಂದಿರುಗುವ ಗುಂಡಿ ಅದು.

ತ್ರಿಭುಜ ಕಾಣದಲ್ಲೂ

ಬಿಂದುವೊಂದು ವೃತ್ತದ ಮೇಲೆ ಸುತ್ತುತ್ತಿದ್ದರೆ ಅದರ ಎತ್ತರ ಸೈನ್ ಬೆಲೆಯಂತೆ ಏರಿಳಿಯುತ್ತದೆ. ಆದ್ದರಿಂದ ಮತ್ತೆ ಮತ್ತೆ ಮರಳುವ ಎಲ್ಲದಕ್ಕೂ, ಸದ್ದು, ಅಲೆ, ಪರ್ಯಾಯ ವಿದ್ಯುತ್ತಿಗೆ, ಸೈನ್ ಬೇಕು. 230 ವೋಲ್ಟ್ ಎನ್ನುವ ಪರ್ಯಾಯ ವಿದ್ಯುತ್ತಿನ ಗರಿಷ್ಠ ಬೆಲೆ 325 ವೋಲ್ಟ್. ಆ ಸರ್ಕ್ಯೂಟಿಗೆ ಹಾಕುವ ಕೆಪಾಸಿಟರ್ 325ಕ್ಕಿಂತ ಹೆಚ್ಚು ತಡೆಯುವಂಥದಾಗಿರಬೇಕು, 250 ವೋಲ್ಟ್ ಡಿ.ಸಿ.ಯದ್ದು (ನೇರ ವಿದ್ಯುತ್ತಿಗೆ ಮಾಡಿದ್ದು) ಹಾಕಿದರೆ ಸಿಡಿಯಬಹುದು. ಪರದೆಯ ಮೇಲೆ ಚಿತ್ರ ತಿರುಗಿಸುವುದು ಪ್ರತಿ ಬಿಂದುವಿಗೂ ಸೈನ್, ಕಾಸ್ ಗುಣಾಕಾರ. ಜೆಪೆಗ್ ಚಿತ್ರಗಳು 8 × 8 ಚುಕ್ಕಿಗಳ ತುಂಡುಗಳನ್ನು ಕಾಸ್ ಅಲೆಗಳ ಮೊತ್ತವಾಗಿ ಬರೆದು ಗಾತ್ರ ಇಳಿಸುತ್ತವೆ.

ನಕ್ಷೆಯಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಭೂಮಧ್ಯರೇಖೆಯ ಮೇಲೆ ಸುಮಾರು 111 ಕಿ.ಮೀ. ಉಳಿದೆಡೆ ಅದನ್ನು ಅಕ್ಷಾಂಶದ ಕಾಸ್‌ನಿಂದ ಗುಣಿಸಬೇಕು, 60° ಅಕ್ಷಾಂಶದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಜಿಪಿಎಸ್ ಕೋನ ಅಳೆಯುತ್ತದೆ ಎಂಬ ಮಾತು ಮಾತ್ರ ತಪ್ಪು. ಅದು ಅಳೆಯುವುದು ಉಪಗ್ರಹಗಳಿಂದ ಇರುವ ದೂರಗಳನ್ನು. ರಿಸೀವರಿನ ಗಡಿಯಾರದ ದೋಷವನ್ನೂ ಬಿಡಿಸಿಕೊಳ್ಳಬೇಕಾದ್ದರಿಂದ ಅದಕ್ಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು.

ದೂರ ಹೆಚ್ಚಿದಂತೆ ಕೈಯಳತೆಯಲ್ಲಿ ಲೆಕ್ಕಕ್ಕಿಲ್ಲದ ದೋಷಗಳು ದೊಡ್ಡವಾಗುತ್ತವೆ. ಭೂಮಿಯ ಬಾಗು 1 ಕಿ.ಮೀ.ಗೆ ಬರೀ 8 ಸೆಂ.ಮೀ., 10 ಕಿ.ಮೀ.ಗೆ 8 ಮೀ., 160 ಕಿ.ಮೀ.ಗೆ 2 ಕಿ.ಮೀ. ಭಾರತದ ಮಹಾ ತ್ರಿಕೋನಮಿತೀಯ ಸಮೀಕ್ಷೆ 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯೊಂದನ್ನು ಅಳೆಯುವುದರಿಂದ ಶುರುವಾಯಿತು. ಮುಂದೆ ಹಿಮಾಲಯದ 15ನೆಯ ಶಿಖರವನ್ನು (ಇಂದಿನ ಎವರೆಸ್ಟ್) ಬಹುದೂರದ ಬಯಲಿನ ಠಾಣೆಗಳಿಂದ ನೋಡಿ ಕೋನ ಅಳೆದಾಗ ಈ ಬಾಗನ್ನೂ, ಗಾಳಿಯಲ್ಲಿ ಬೆಳಕು ವಕ್ರವಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು. ಸಮೀಕ್ಷೆಯ ಗಣಿತಜ್ಞ ರಾಧಾನಾಥ ಸಿಕ್ದಾರ್ ಆ ಲೆಕ್ಕದಲ್ಲಿ ಪ್ರಮುಖರು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ, ಅಂದರೆ 8,840 ಮೀ. 2020ರಲ್ಲಿ ಘೋಷಿಸಿದ ಎವರೆಸ್ಟ್ ಎತ್ತರ 8,848.86 ಮೀ. ಅಂತರ ಒಂಬತ್ತು ಮೀಟರ್, ಶೇ 0.1ರಷ್ಟು.

ನಕ್ಷತ್ರಗಳ ದೂರಕ್ಕೆ ಭೂಮಿಯ ಮೇಲೆ ಸಾಕಾಗುವಷ್ಟು ಉದ್ದದ ಆಧಾರರೇಖೆಯೇ ಇಲ್ಲ. ಭೂಮಿ ಸೂರ್ಯನ ಒಂದು ಪಕ್ಕದಲ್ಲಿದ್ದಾಗ ಒಮ್ಮೆ, ಆರು ತಿಂಗಳ ಬಳಿಕ ಇನ್ನೊಂದು ಪಕ್ಕದಲ್ಲಿದ್ದಾಗ ಒಮ್ಮೆ ನೋಡಿದರೆ ಸುಮಾರು 30 ಕೋಟಿ ಕಿ.ಮೀ. ರೇಖೆ ಸಿಗುತ್ತದೆ. ಅಷ್ಟಿದ್ದೂ ತ್ರಿಭುಜ ತೀರಾ ಚೂಪು. 1838ರಲ್ಲಿ ಜರ್ಮನಿಯ ಖಗೋಳಜ್ಞ ಬೆಸೆಲ್ 61 ಸಿಗ್ನಿ ನಕ್ಷತ್ರಕ್ಕೆ ಅಳೆದ ಕೋನ, ಎರಡು ಪಕ್ಕದಿಂದ ನೋಡಿದಾಗ ನಕ್ಷತ್ರ ಸರಿದಂತೆ ಕಾಣುವ ಕೋನದ ಅರ್ಧ, 0.314 ಆರ್ಕ್‌ಸೆಕೆಂಡ್, ಒಂದು ಡಿಗ್ರಿಯ ಹನ್ನೊಂದು ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಇಂದಿನ ಬೆಲೆ 0.286, ದೂರ 11.4 ಜ್ಯೋತಿರ್ವರ್ಷ. 2013ರಲ್ಲಿ ಹಾರಿದ ಗಾಯಾ ದೂರದರ್ಶಕ ಇದೇ ವಿಧಾನದಲ್ಲಿ ಆರ್ಕ್‌ಸೆಕೆಂಡಿನ ಹತ್ತಾರು ಸಾವಿರದಲ್ಲೊಂದು ಭಾಗದವರೆಗೆ ಕೋನ ಓದಿತು. ಆಧಾರರೇಖೆಯನ್ನು ಹಿಗ್ಗಿಸುವ ದಾರಿ ಇಲ್ಲದಿದ್ದಾಗ ಕೋನದ ನಿಖರತೆ ಹೆಚ್ಚಿಸುವುದೊಂದೇ ದಾರಿ ಉಳಿಯುತ್ತದೆ.